ಅಪಘಾತದ ಕಾರು, ಬಣ್ಣದ ಮರೆಯ ದುರಸ್ತಿ ಮತ್ತು ವಿಮೆ

ಎತ್ತಿನ ಗಾಡಿಯ ಅಚ್ಚು ಮುರಿದಾಗ ಬಡಗಿಯು ಹೊಸದನ್ನು ಹೇಗೆ ಕೂರಿಸಿದನೆಂಬುದು ಯಜಮಾನನ ಕಣ್ಣಿಗೆ ಕಾಣುತ್ತಿದ್ದಿತು. ಮರದಲ್ಲಿ ಬಿರುಕಿದ್ದರೆ ತಿಳಿಯುತ್ತಿದ್ದಿತು. ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾಗಿದ್ದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸದ್ದೇ ಅದನ್ನು ಸಾರುತ್ತಿದ್ದಿತು. ಮೋಟಾರು ಕಾರಿನ ಸಂಗತಿ ಹೀಗಲ್ಲ. ಅಪಘಾತದಲ್ಲಿ ಜಜ್ಜಿಹೋದ ಕಾರು ಗ್ಯಾರೇಜಿನಿಂದ ಮರಳಿದಾಗ ಅದರ ಮೇಲೆ ಕನ್ನಡಿಯಂತಹ ಬಣ್ಣವಿರುತ್ತದೆ. ಒಳಗಿನ ಕೆಲಸದ ಗುಣದೋಷಗಳೆರಡನ್ನೂ ಆ ಬಣ್ಣವು ಸಮನಾಗಿ ಮುಚ್ಚಿಬಿಡುತ್ತದೆ.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯ ಒಬ್ಬ ರೈತನ ಕಾರಿಗೆ ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿ ಮುಂಭಾಗಕ್ಕೆ ಪೆಟ್ಟು ಬಿದ್ದಿತೆಂದು ಭಾವಿಸೋಣ. ವಿಮಾ ಕಂಪನಿಯು ಹಣ ಕೊಟ್ಟಿತು. ಕಾರು ಹೊಳೆಯುತ್ತ ಮನೆಗೆ ಬಂದಿತು. ಎರಡು ತಿಂಗಳಾಗುವಷ್ಟರಲ್ಲಿ ಒಂದು ಟೈರು ಒಂದೇ ಮಗ್ಗುಲಿಗೆ ಸವೆಯುತ್ತದೆ, ಚಕ್ರಗಳು ಎಡಕ್ಕೆ ಎಳೆಯುತ್ತವೆ, ಬಾಗಿಲ ಸಂದಿನಿಂದ ಮಳೆಯ ನೀರು ಒಳಗಿಳಿಯುತ್ತದೆ. ಇದಕ್ಕೆ ಹೊಣೆ ಯಾರು? ಗ್ಯಾರೇಜಿನವನೆ, ವಿಮೆಯವರೆ? ಉತ್ತರವನ್ನು ಅರಿಯಬೇಕಾದರೆ ಮೊದಲು ಉಕ್ಕಿನ ಸ್ವಭಾವವನ್ನೂ ಆಮೇಲೆ ವಿಮೆಯ ಕರಾರನ್ನೂ ತಿಳಿಯಬೇಕು.

ಲಾರಿ, ಹಳೆಯ ಜೀಪುಗಳಲ್ಲಿ ಕೆಳಗೆ ಗಟ್ಟಿಯಾದ ಚಾಸಿಯೂ ಅದರ ಮೇಲೆ ಬೇರೆಯಾದ ಮೈಯೂ ಇರುತ್ತವೆ. ಮೈ ನೆಗ್ಗಿದರೂ ಚಾಸಿ ನೆಟ್ಟಗಿದ್ದರೆ ವಾಹನವು ನೆಟ್ಟಗೆ ಓಡುವುದು. ಈಗಿನ ಕಾರುಗಳಲ್ಲಿ ಬಹುಪಾಲಿಗೆ ಇಂತಹ ಪ್ರತ್ಯೇಕ ಚಾಸಿ ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಮಡಿಸಿ, ಬೆಸೆದು ಮಾಡಿದ ಒಂದೇ ಚಿಪ್ಪು ಅಲ್ಲಿ ಮೈಯೂ ಹೌದು, ಎಲುಬೂ ಹೌದು. ಒಂದು ಕಡೆ ಬಿದ್ದ ಪೆಟ್ಟು ದೂರದ ಮತ್ತೊಂದು ಕಡೆಯ ಅಳತೆಯನ್ನು ಕೆಲವು ಮಿಲಿಮೀಟರಿನಷ್ಟು ಕೆಡಿಸಬಲ್ಲದು. ಟೈರು ಓರೆಯಾಗಿ ಸವೆಯುವುದಕ್ಕೆ ಇದೂ ಒಂದು ಕಾರಣ.

ಈ ಚಿಪ್ಪಿನ ಮುಖ್ಯ ಕರ್ತವ್ಯವು ಕಾಣಿಸಿಕೊಳ್ಳುವುದು ಡಿಕ್ಕಿಯ ಕ್ಷಣದಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರಿನ ಚಲನಶಕ್ತಿಯು, ಅದು ಸುಮಾರು 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕು ಮಹಡಿಗಳ ಮೇಲಿನಿಂದ, ಬಿದ್ದಾಗ ಪಡೆಯುವ ಶಕ್ತಿಗೆ ಸಮ. ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗುತ್ತದೆ. ಹೊಸಕೋಟೆಯ ಬಳಿ ಆರಂಭವಾಗುವ ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯನ್ನು ಗಂಟೆಗೆ 120 ಕಿಲೋಮೀಟರಿನ ವೇಗಕ್ಕೆಂದು ರೂಪಿಸಲಾಗಿದೆ. ಅಲ್ಲಿ ಈ ಎತ್ತರವು 57 ಮೀಟರ್ ಎಂದು ವಾಚಕರೇ ಲೆಕ್ಕ ಹಾಕಿ ನೋಡಬಹುದು. ಇಷ್ಟು ಶಕ್ತಿಯನ್ನು ಎಲ್ಲಿಯಾದರೂ ಖರ್ಚುಮಾಡಲೇಬೇಕು. ಕಾರಿನ ಮೂತಿಯು ಮಡಿಸಿಕೊಂಡು ಶಕ್ತಿಯನ್ನು ನುಂಗಲಿ, ಜನರು ಕುಳಿತ ಕೋಣೆ ಮಾತ್ರ ಮಡಿಯದಿರಲಿ ಎಂಬ ಉಪಾಯಕ್ಕೆ ಬೇಲಾ ಬಾರೆನ್ಯಿ ಎಂಬ ಇಂಜಿನಿಯರು 1950ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಪೇಟೆಂಟು ಪಡೆದನು. 1959ರ ಮರ್ಸಿಡಿಸ್ ಕಾರಿನಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. 60 ಕಿಲೋಮೀಟರ್ ವೇಗದ ಕಾರು 60 ಸೆಂಟಿಮೀಟರ್ ಮಡಿಸಿಕೊಂಡು ನಿಂತರೆ ಒಳಗಿರುವವರ ಮೇಲೆ ಗುರುತ್ವದ ಸುಮಾರು 24 ಪಟ್ಟು ಒತ್ತಡ ಬೀಳುತ್ತದೆ; 30 ಸೆಂಟಿಮೀಟರಿನಲ್ಲೇ ನಿಂತರೆ 47 ಪಟ್ಟು. ಆದುದರಿಂದ ಮೂತಿಯ ತಗಡು ಎಷ್ಟು ಮೆತ್ತಗೆ ಮಡಿಯಬೇಕೆಂಬುದು ಅಳೆದು ಇಟ್ಟ ವಿಷಯ. ಜಜ್ಜಿದ ಭಾಗಕ್ಕೆ ‘ಇನ್ನಷ್ಟು ಗಟ್ಟಿಯಾಗಲಿ’ ಎಂದು ದಪ್ಪ ಕಬ್ಬಿಣದ ತುಂಡನ್ನು ಬೆಸೆದುಕೊಡುವ ಕೈಗಾರನು ಉಪಕಾರವನ್ನು ಮಾಡುತ್ತಿಲ್ಲ, ಅಪಕಾರವನ್ನೇ ಮಾಡುತ್ತಿದ್ದಾನೆ.

ಕೋಣೆಯ ಕಂಬಗಳ ಸ್ಥಿತಿ ಇದಕ್ಕೆ ವಿರುದ್ಧ. ಅವು ಮಡಿಯಬಾರದು. ನಮ್ಮ ಊರಿನ ಕಮ್ಮಾರನು ಕುಡುಗೋಲನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿಗದ್ದಿ ಹದ ಕೊಡುವುದನ್ನು ಹಲವರು ನೋಡಿರಬಹುದು. ಕಾರಿನ ಕಂಬಗಳಿಗೂ ಇದೇ ವಿದ್ಯೆ: ಬೋರಾನ್ ಬೆರೆಸಿದ ಉಕ್ಕಿನ ತಗಡನ್ನು 900 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿ, ತಣ್ಣಗಿನ ಅಚ್ಚಿನ ನಡುವೆ ಒತ್ತಿ, ಕ್ಷಣಮಾತ್ರದಲ್ಲಿ ತಣಿಸುತ್ತಾರೆ. ಹೀಗಾದ ಉಕ್ಕು ಸಾಧಾರಣ ಉಕ್ಕಿಗಿಂತ ನಾಲ್ಕೈದು ಪಟ್ಟು ಬಲವುಳ್ಳದ್ದು. ಹದವಾದ ಕುಡುಗೋಲನ್ನು ಮತ್ತೆ ಕುಲುಮೆಗಿಟ್ಟು ತಾನಾಗಿ ತಣಿಯಲು ಬಿಟ್ಟರೆ ಏನಾಗುವುದು? ಹದ ಹೋಗುವುದು, ಅಲಗು ಮೆತ್ತಗಾಗುವುದು. ಬಾಗಿದ ಕಂಬವನ್ನು ಗ್ಯಾಸಿನ ಉರಿಯಿಂದ ಕಾಯಿಸಿ ಬಡಿದು ನೆಟ್ಟಗೆ ಮಾಡಿದಾಗಲೂ ಆಗುವುದು ಇದೇ. ನೋಟಕ್ಕೆ ಕಂಬವು ಮೊದಲಿನಂತೆಯೇ ನಿಂತಿರುತ್ತದೆ. ಅದರ ಬಲ ಮಾತ್ರ ಕುಲುಮೆಯ ಪಾಲಾಗಿರುತ್ತದೆ.

ಇನ್ನು ಬೆಸುಗೆಯ ವಿಷಯ. ಎರಡು ತಗಡುಗಳನ್ನು ತಾಮ್ರದ ಮೊನೆಗಳ ನಡುವೆ ಅಮುಕಿ, ಸಾವಿರಾರು ಆಂಪೇರ್ ವಿದ್ಯುತ್ತನ್ನು ಅರೆಕ್ಷಣ ಹಾಯಿಸಿದರೆ ಕಡಲೆಕಾಳಿನಷ್ಟಗಲದ ಒಂದು ಬೆಸುಗೆಯ ಚುಕ್ಕೆ ಬೀಳುತ್ತದೆ. ಒಂದು ಕಾರಿನಲ್ಲಿ ಇಂತಹ ಸಾವಿರಾರು ಚುಕ್ಕೆಗಳುಂಟು. ಅವುಗಳ ಬೆಲೆಯನ್ನು ತೋರಿಸಿಕೊಟ್ಟ ಒಂದು ಮೊಕದ್ದಮೆ ಅಮೆರಿಕದ ಟೆಕ್ಸಾಸಿನಲ್ಲಿ ನಡೆಯಿತು. ಆಲಿಕಲ್ಲಿನ ಮಳೆಯಿಂದ ನೆಗ್ಗಿದ ಒಂದು ಹೋಂಡಾ ಫಿಟ್ ಕಾರಿಗೆ ದುರಸ್ತಿಗಾರರು ಹೊಸ ಛಾವಣಿಯನ್ನು ಹಾಕುವಾಗ, ತಯಾರಕರು ವಿಧಿಸಿದ್ದ ನೂರಕ್ಕೂ ಮಿಕ್ಕ ಬೆಸುಗೆಯ ಚುಕ್ಕೆಗಳ ಬದಲು ಅಂಟಿನಿಂದ ಅಂಟಿಸಿದ್ದರು. ಇದನ್ನು ತಿಳಿಯದೆ ಆ ಕಾರನ್ನು ಹಳೆಯ ಗಾಡಿಯೆಂದು ಕೊಂಡ ದಂಪತಿಗಳು 2013ರ ಡಿಸೆಂಬರಿನಲ್ಲಿ ಅಪಘಾತಕ್ಕೆ ಸಿಕ್ಕಿದರು. ಕಾರಿನ ಚಿಪ್ಪು ಕುಸಿದು ಬೆಂಕಿ ಹೊತ್ತಿತು. ಇಬ್ಬರೂ ಘೋರವಾಗಿ ಗಾಯಗೊಂಡರು. 2017ರ ಅಕ್ಟೋಬರಿನಲ್ಲಿ ಜ್ಯೂರಿಯು ಸುಮಾರು 4 ಕೋಟಿ 20 ಲಕ್ಷ ಡಾಲರುಗಳ ಪರಿಹಾರವನ್ನು ಗೊತ್ತುಮಾಡಿ, ಅದರ ಮುಕ್ಕಾಲು ಪಾಲನ್ನು ದುರಸ್ತಿಗಾರರ ಮೇಲೆ ಹೊರಿಸಿತು. ಹಣ ಕೊಡುವುದು ವಿಮಾ ಕಂಪನಿಯಾದ್ದರಿಂದ ಅದರ ಮಾತನ್ನು ಮೀರಲಾಗದು ಎಂಬ ಧಾಟಿಯ ಸಾಕ್ಷ್ಯವೂ ಆ ಮೊಕದ್ದಮೆಯಲ್ಲಿ ಬಂದಿತ್ತು. ದುರಸ್ತಿಯ ಗುಣಕ್ಕೂ ವಿಮೆಗೂ ಇರುವ ನಂಟು ನಮ್ಮ ಮುಂದೆ ಬರುವುದು ಇಲ್ಲಿಯೇ.

ನಮ್ಮಲ್ಲಿ ವಾಹನ ವಿಮೆಯು 1946ರ ಜುಲೈ 1ರಿಂದ ಕಡ್ಡಾಯವಾಗಿದೆ. ಆದರೆ ಕಡ್ಡಾಯವಾದುದು ಪರರಿಗಾಗುವ ಹಾನಿಯ ವಿಮೆ ಮಾತ್ರ. ತನ್ನ ಕಾರಿನ ದುರಸ್ತಿಗೆ ಹಣ ಬೇಕಾದರೆ ಸ್ವಂತ ಹಾನಿಯ ವಿಮೆಯನ್ನೂ ಮಾಡಿಸಿರಬೇಕು. ಅದರಲ್ಲಿಯೂ ಬಿಲ್ಲಿನ ಪೂರ್ತಿ ಹಣ ಬರುವುದಿಲ್ಲ, ಸವಕಳಿಯನ್ನು ಕಳೆಯುತ್ತಾರೆ. ಮೂರೂವರೆ ವರ್ಷದ ಕಾರಿನ ಬಿಲ್ಲು 60,000 ರೂಪಾಯಿ ಎನ್ನೋಣ. ಅದರಲ್ಲಿ ಲೋಹದ ಭಾಗಗಳು 20,000. ಈ ವಯಸ್ಸಿಗೆ ನೂರಕ್ಕೆ 25ರಂತೆ 5,000 ಕಡಿತ. ಬಂಪರು ಮೊದಲಾದ ಪ್ಲಾಸ್ಟಿಕ್ ಭಾಗಗಳು 16,000. ಅರ್ಧ ಕಡಿತ, 8,000. ಗಾಜು 6,000, ಕಡಿತವಿಲ್ಲ. ಬಣ್ಣದ ಕೆಲಸ 12,000. ಅದರಲ್ಲಿ ಕಾಲುಭಾಗವನ್ನು ಸಾಮಗ್ರಿಯೆಂದು ಎಣಿಸಿ ಅದರ ಅರ್ಧ, 1,500 ಕಡಿತ. ಕೂಲಿ 6,000, ಕಡಿತವಿಲ್ಲ. ಇದಲ್ಲದೆ ಸಣ್ಣ ಕಾರಿಗೆ 1,000 ರೂಪಾಯಿಯ ಕಡ್ಡಾಯ ಕಡಿತ. ಕೊನೆಗೆ ವಿಮೆಯಿಂದ 44,500 ಬಂದರೆ ಯಜಮಾನನ ಕೈಯಿಂದ 15,500 ಹೋಗುತ್ತದೆ.

ಕೆಟ್ಟ ದುರಸ್ತಿಯ ಮೂಲವನ್ನು ನಾನು ಈ 15,500 ರೂಪಾಯಿಗಳಲ್ಲಿ ಕಾಣುತ್ತೇನೆ. ‘ನಿಮ್ಮ ಕೈಯಿಂದ ಒಂದು ಪೈಸೆಯೂ ಬೇಡ, ವಿಮೆಯ ದುಡ್ಡಿನಲ್ಲೇ ಮುಗಿಸಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಆ ಹಣ ಆಕಾಶದಿಂದ ಬೀಳುವುದಿಲ್ಲವಷ್ಟೆ. ಬದಲಾಯಿಸಬೇಕಾದ ತಗಡನ್ನು ಬಡಿದು ಪುಟ್ಟಿ ಮೆತ್ತುವುದರಿಂದಲೋ, ಅಸಲಿ ಭಾಗದ ಜಾಗಕ್ಕೆ ನಕಲಿಯನ್ನು ಕೂರಿಸುವುದರಿಂದಲೋ ಅದು ಹುಟ್ಟಬೇಕು. ಸವಕಳಿ ಕಳೆಯದ ವಿಮೆಯನ್ನು ಹೆಚ್ಚಿನ ಪ್ರೀಮಿಯಂ ಕೊಟ್ಟು ಪಡೆಯಬಹುದು. ಅದಿದ್ದರೆ ಈ ಆಮಿಷ ಬಹುಮಟ್ಟಿಗೆ ತಪ್ಪುತ್ತದೆ. ಟಿಂಕರಿಂಗ್ ಕೆಲಸದವರೆಲ್ಲರೂ ಮೋಸಗಾರರೆಂದು ಇದರ ಅರ್ಥವಲ್ಲ. ನೆಗ್ಗಿದ ಬಾಗಿಲನ್ನು ಸುತ್ತಿಗೆಯಿಂದಲೇ ಕಾರ್ಖಾನೆಯ ನಯಕ್ಕೆ ತರಬಲ್ಲ ಕುಶಲಿಗಳು ನಮ್ಮಲ್ಲಿದ್ದಾರೆ. ಬಾಗಿಲಿನ ಹೊರತಗಡಿಗೆ ಆ ವಿದ್ಯೆ ಸಲ್ಲುತ್ತದೆ, ಹದಗೊಂಡ ಕಂಬಕ್ಕೆ ಸಲ್ಲದು.

ಪುಟ್ಟಿಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರೋಮೀಟರ್, ಎಂದರೆ ಒಂದೆರಡು ಕೂದಲೆಳೆಯಷ್ಟು. ಪುಟ್ಟಿ ಮೆತ್ತಿದಲ್ಲಿ ಅದು ಒಂದು ಮಿಲಿಮೀಟರನ್ನೂ ಮೀರಬಹುದು. ಇದನ್ನು ಅಳೆಯುವ ಅಂಗೈಯಗಲದ ಉಪಕರಣವು ಹಳೆಯ ಕಾರುಗಳ ವ್ಯಾಪಾರಿಗಳ ಬಳಿ ಇರುತ್ತದೆ. ಅದು ದೊರೆಯದಿದ್ದರೆ ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತವೂ ಸಾಕು: ಉಕ್ಕಿನ ತಗಡಿಗೆ ಕಚ್ಚಿಕೊಳ್ಳುವ ಅಯಸ್ಕಾಂತ ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಹೇಗೂ ನಿಲ್ಲದೆಂಬುದನ್ನು ಮರೆತು ಜಗಳಕ್ಕೆ ಹೋಗಬಾರದು! ಒಳಗಿನ ಅಳತೆಗೆ ಚಕ್ರಗಳ ಅಲೈನ್‌ಮೆಂಟ್ ಪರೀಕ್ಷೆಯ ಮುದ್ರಿತ ಚೀಟಿಯೇ ಒಳ್ಳೆಯ ಸಾಕ್ಷಿ.

ಈಗ ನಮ್ಮ ರೈತನು ಮಾಡಬೇಕಾದುದೇನು? ದುರಸ್ತಿಗೆ ಮೊದಲು ವಿಮಾ ಕಂಪನಿಯು ಸರ್ವೇಯರನ್ನು ಕಳುಹಿಸುತ್ತದೆ. ಯಾವ ಭಾಗವನ್ನು ಬದಲಾಯಿಸಬೇಕು, ಯಾವುದನ್ನು ಸರಿಪಡಿಸಬೇಕು ಎಂಬ ಪಟ್ಟಿ ಇವನದು. ಅದರ ಪ್ರತಿಯನ್ನು ಕೇಳಿ ಪಡೆಯಬೇಕು. ಕಾರನ್ನು ಬಿಚ್ಚಿದ ಮೇಲೆ ಮರೆಯಲ್ಲಿದ್ದ ಹಾನಿಯು ಕಂಡರೆ ಮುಚ್ಚುವ ಮೊದಲೇ ಸರ್ವೇಯರನಿಗೆ ತಿಳಿಸಬೇಕು. ಮುಚ್ಚಿ ಬಣ್ಣ ಹಚ್ಚಿದ ಮೇಲೆ ಹೇಳಿದರೆ ನಂಬುವವರಾರು? ತೆಗೆದ ಹಳೆಯ ಭಾಗಗಳನ್ನು ಅವು ಗುಜರಿಗೆ ಹೋಗುವ ಮುನ್ನ ನೋಡಿ ಛಾಯಾಚಿತ್ರ ತೆಗೆದುಕೊಳ್ಳಬೇಕು. ಕೆಲಸ ಮುಗಿದಾಗ ‘ದುರಸ್ತಿ ತೃಪ್ತಿಕರವಾಗಿದೆ’ ಎಂಬ ಕಾಗದಕ್ಕೆ ರುಜು ಕೇಳುತ್ತಾರೆ. ಕಾರನ್ನು ಹಗಲು ಬೆಳಕಿನಲ್ಲಿ ನೋಡಿ, ಓಡಿಸಿ, ಆಮೇಲೆ ರುಜು ಹಾಕುವುದು ಸರಿ; ದೋಷವಿದ್ದರೆ ಅದನ್ನು ಅದೇ ಕಾಗದದ ಮೇಲೆ ಬರೆಯಬೇಕು. ಆಮೇಲೆ ಕಂಡ ದೋಷವನ್ನು ಗ್ಯಾರೇಜಿಗೂ ಕಂಪನಿಗೂ ಒಟ್ಟಿಗೆ ಬರೆದು, ಮರುತಪಾಸಣೆಯನ್ನು ಕೇಳಬೇಕು.

ಕಂಪನಿಯು ‘ದುರಸ್ತಿ ಮಾಡಿದವರು ನಾವಲ್ಲ’ ಎನ್ನಬಹುದು. ಯಜಮಾನನೇ ಆರಿಸಿಕೊಂಡ ಗ್ಯಾರೇಜಾದರೆ ಆ ಮಾತಿನಲ್ಲಿ ಹುರುಳಿದೆ. ಕಂಪನಿಯೇ ಗೊತ್ತುಮಾಡಿ ನೇರವಾಗಿ ಹಣ ಕೊಟ್ಟ ಗ್ಯಾರೇಜಾದರೆ ಆ ಹುರುಳು ಬಹಳ ಕಡಿಮೆ. ಸರ್ವೇಯರನ ವರದಿಯೇ ಕೊನೆಯ ಮಾತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯು ಪಕ್ಷವಾಗಿದ್ದ ಒಂದು ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ದೂರಿಗೆ ಕಂಪನಿಯು ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರವು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಆ ಅಧಿಕಾರಿಯ ಕೈ ಗ್ಯಾರೇಜನ್ನು ಮುಟ್ಟಲಾರದು. ಗ್ಯಾರೇಜನ್ನೂ ಕಂಪನಿಯನ್ನೂ ಜೊತೆಯಲ್ಲಿ ನಿಲ್ಲಿಸಿ ಕೇಳಬೇಕಾದರೆ ಜಿಲ್ಲಾ ಗ್ರಾಹಕ ಆಯೋಗವೇ ಸರಿಯಾದ ಸ್ಥಳ. 2019ರ ಕಾಯಿದೆಯಂತೆ ದೂರುದಾರನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರನ್ನು ಕೊಡಬಹುದು. ಜಡಿಗೇನಹಳ್ಳಿಯವನು ಕಂಪನಿಯ ಮುಖ್ಯ ಕಚೇರಿಯಿರುವ ದೂರದ ನಗರಕ್ಕೆ ಅಲೆಯಬೇಕಾಗಿಲ್ಲ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮೊದಲ ಸಲಹೆಯೂ ದೊರೆಯುತ್ತದೆ.

ಆಯೋಗಕ್ಕೆ ಹೋಗಲು ಅವಧಿ ಎರಡು ವರ್ಷ. ಬೆಸೆಯುವಾಗ ಸತುವಿನ ಲೇಪ ಸುಟ್ಟುಹೋದ ತಗಡು ತುಕ್ಕನ್ನು ಹೊರಗೆ ತೋರಿಸಲು ಕೆಲವೊಮ್ಮೆ ಎರಡು ಮಳೆಗಾಲಗಳನ್ನೇ ತೆಗೆದುಕೊಳ್ಳುತ್ತದೆ. ಬಣ್ಣದ ದಪ್ಪವನ್ನೂ ಚಕ್ರಗಳ ನೇರವನ್ನೂ ಅಳೆಸಿ, ದಿನಾಂಕ ಹಾಕಿದ ಚೀಟಿಯನ್ನು ಮೊದಲ ವಾರದಲ್ಲಿಯೇ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.