ಗ್ರೀಕ್ ವಾಙ್ಮಯದಲ್ಲಿ ಸಿರಿ ಮತ್ತು ಬಡತನ

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಬಡವನನ್ನು ಸೂಚಿಸುವ ಎರಡು ಮುಖ್ಯ ಶಬ್ದಗಳುಂಟು: 'ಪೆನೇಸ್' ಮತ್ತು 'ಪ್ತೋಖೋಸ್'. ಮೊದಲನೆಯದು ದುಡಿಮೆಯ ಅರ್ಥವುಳ್ಳ ಕ್ರಿಯಾಪದಕ್ಕೆ ಸಂಬಂಧಿಸಿದುದು. ಮೈ ಬಗ್ಗಿಸಿ ದುಡಿದು ಬಾಳುವವನೇ ಪೆನೇಸ್. ಎರಡನೆಯದು ಕುಗ್ಗಿ ಮುದುಡುವ ಅರ್ಥದ ಕ್ರಿಯಾಪದಕ್ಕೆ ಸೇರಿದುದು. ಏನೂ ಇಲ್ಲದೆ ಪರರಿಗೆ ಕೈಯೊಡ್ಡುವವನು ಪ್ತೋಖೋಸ್. ದುಡಿಯದೆಯೇ ಸುಖವಾಗಿ ಬಾಳಬಲ್ಲವನು 'ಪ್ಲೂಸಿಯೋಸ್', ಎಂದರೆ ಸಿರಿವಂತ. ಆದ್ದರಿಂದ ತುಂಡು ಹೊಲವುಳ್ಳ ರೈತನೂ ಪೆನೇಸ್ ಎನಿಸಬಹುದಾಗಿತ್ತು.

ಸಂಪತ್ತಿನ ದೇವನಾದ ಪ್ಲೂಟೋಸನು ಧಾನ್ಯದೇವತೆ ಡಿಮೀಟರಳ ಮಗನೆಂದೂ, ಕ್ರೀಟ್ ದ್ವೀಪದಲ್ಲಿ ಮೂರು ಬಾರಿ ಉತ್ತ ಹೊಲದಲ್ಲಿ ಅವನ ಉತ್ಪತ್ತಿಯಾಯಿತೆಂದೂ ಹೆಸಿಯಡ್ ಕವಿಯು 'ಥಿಯಾಗನಿ'ಯಲ್ಲಿ ಹೇಳಿದ್ದಾನೆ. ಸಿರಿಯ ಮೂಲ ನೇಗಿಲೆಂಬ ಭಾವ ಇಲ್ಲಿ ಸ್ಫುಟವಾಗಿದೆ.

ಕ್ರಿ.ಪೂ. 388ರಲ್ಲಿ ಪ್ರದರ್ಶಿತವಾದ ಅರಿಸ್ಟೋಫನೀಸನ 'ಪ್ಲೂಟೋಸ್' ಪ್ರಹಸನದಲ್ಲಾದರೋ ಈ ದೇವನು ಕುರುಡ. ಸಜ್ಜನರನ್ನು ಗುರುತಿಸದಿರಲೆಂದು ಜ್ಯೂಸನೇ ಅವನ ಕಣ್ಣು ಕಳೆದಿದ್ದಾನೆ. ಕ್ರೆಮಿಲಸನೆಂಬ ರೈತನು ಅವನಿಗೆ ದೃಷ್ಟಿ ಬರಿಸಲೆಳಸಿದಾಗ ಬಡತನದ ದೇವತೆ ಪೆನಿಯಾ ಅಡ್ಡಬರುತ್ತಾಳೆ. ಎಲ್ಲರೂ ಸಿರಿವಂತರಾದರೆ ಕಮ್ಮಾರಿಕೆಗೆ, ಹಡಗು ಕಟ್ಟುವುದಕ್ಕೆ, ಜೋಡು ಹೊಲಿಯುವುದಕ್ಕೆ ಯಾರು ಬಂದಾರು ಎಂಬುದು ಅವಳ ವಾದ. ತಾನು ಬೇರೆ, ಭಿಕ್ಷಾವೃತ್ತಿ ಬೇರೆ ಎಂದೂ ಅವಳು ಸಾಧಿಸುತ್ತಾಳೆ. ಕ್ರೆಮಿಲಸನು ಒಪ್ಪದೆ ಅವಳನ್ನು ಅಟ್ಟುತ್ತಾನೆ. ಅಸ್ಕ್ಲೇಪಿಯಸನ ಗುಡಿಯಲ್ಲಿ ದೇವನಿಗೆ ಕಣ್ಣು ಬಂದು ಸಜ್ಜನರ ಮನೆಗೆ ಸಿರಿ ಸೇರುತ್ತದೆ.

ಪೆನಿಯಾಳ ವಾದವು ದುಡಿಮೆಗೆ ಗೌರವ ತರುವುದು ನಿಜ. ಉಳ್ಳವರ ಬಾಯಲ್ಲಿ ಅದೇ ವಾದವು ಇಲ್ಲದವರ ಹಸಿವಿಗೆ ಸಮರ್ಥನೆಯೂ ಆಗಬಲ್ಲದು. ದುಡಿಯುವವನು ತಿರಿಯುವ ಸ್ಥಿತಿಗೆ ಇಳಿಯದಂತೆ ಕಾಯುವುದು ಸಮಾಜದ ಹೊಣೆಯೆಂಬುದನ್ನು ಆ ಎರಡು ಶಬ್ದಗಳ ಅಂತರವೇ ನೆನಪಿಸುತ್ತದೆ.