ಓಬವ್ವ ಅಂದ್ರೆ ಜಯಂತಿ ಮುಖವೇ ಯಾಕೆ ನೆನಪಾಗುತ್ತೆ? ‘ನಾಗರಹಾವು’ ತೆರೆಯ ಹಿಂದಿನ ಸಂಗತಿಗಳು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ತೋಟದಲ್ಲಿ ನೀರು ಬಿಡ್ತಾ ಕೇಳ್ತಿರೋರು, ರಾತ್ರಿ ನಿದ್ದೆ ಬರದೆ ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ಸಂಚಿಕೆಯಲ್ಲಿ ನಾನು ‘ನಾಗರಹಾವು ವಿಷ್ಣುವರ್ಧನ್ ಅವರ ಮೊದಲ ಸಿನಿಮಾ’ ಅಂತ ಹೇಳಿಬಿಟ್ಟಿದ್ದೆ. ಮಾರನೇ ದಿನ ನಮ್ಮ ಮತ್ತೋಡಿನ ಹಿರಿಯರೊಬ್ಬರು ದಾರಿಯಲ್ಲೇ ನಿಲ್ಲಿಸಿ, “ಏನಪ್ಪಾ, ವಂಶವೃಕ್ಷ ನೋಡಿಲ್ವಾ ನೀನು?” ಅಂದ್ರು. ಅವರು ಹೇಳಿದ್ದೇ ಸರಿ. ಬಿ.ವಿ. ಕಾರಂತ ಮತ್ತು ಗಿರೀಶ್ ಕಾರ್ನಾಡ್ ನಿರ್ದೇಶಿಸಿದ ‘ವಂಶವೃಕ್ಷ’ದಲ್ಲಿ ವಿಷ್ಣು ಅವರಿಗೆ ಒಂದು ಸಣ್ಣ ಪಾತ್ರ ಇತ್ತು. ನಾಯಕನಾಗಿ ಮೊದಲ ಸಿನಿಮಾ ‘ನಾಗರಹಾವು’. ಎರಡಕ್ಕೂ ವ್ಯತ್ಯಾಸ ಇದೆ, ನಾನು ಗಮನಿಸಿರಲಿಲ್ಲ.

ಅವತ್ತಿಂದ ಒಂದು ವಿಷಯ ತಲೆ ಕೊರೀತಾ ಇದೆ. ಹಿಚ್‌ಕಾಕ್ ಅವರ ‘ಸೈಕೋ’ ಸಿನಿಮಾದಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ರು ಅನ್ನೋದು ರೀಲ್ಸ್ ನೋಡಿ ನಮಗೆಲ್ಲ ಗೊತ್ತು. ಆದ್ರೆ ಮತ್ತೋಡಿಂದ ಬಸ್ ಹತ್ತಿ ಹೊಸದುರ್ಗ, ಹೊಳಲ್ಕೆರೆ ದಾಟಿದ್ರೆ ಸಿಗೋ ನಮ್ಮದೇ ದುರ್ಗದಲ್ಲಿ ಕ್ಯಾಮೆರಾ ಹಿಂದೆ ಏನು ನಡೀತು ಅಂತ ಕೇಳಿದ್ರೆ ತಡವರಿಸ್ತೀವಿ. ಹಾಗಾಗಿ ಇವತ್ತು ಪೂರ್ತಿ ‘ನಾಗರಹಾವು’.

ಮೊದಲು ಹೆಸರಿನ ಕತೆ. ಹಾಲಿವುಡ್‌ನ ದೊಡ್ಡ ಕೌಬಾಯ್ ಹೀರೋ ಜಾನ್ ವೇಯ್ನ್ ಅವರ ಹುಟ್ಟುಹೆಸರು ಮರಿಯನ್ ಮಾರಿಸನ್. 1930ರ ‘ದಿ ಬಿಗ್ ಟ್ರೇಲ್’ ಚಿತ್ರಕ್ಕೆ ಹೆಸರು ಬದಲಾಯಿತು. ಆ ಮಾತುಕತೆ ನಡೆದಾಗ ಅವರು ಅಲ್ಲಿ ಇರಲೂ ಇಲ್ಲ ಅನ್ನೋದು ಪ್ರಸಿದ್ಧ ಕತೆ. ನಮ್ಮಲ್ಲೂ ಅಂಥದ್ದೇ ಆಯ್ತು. ಸಂಪತ್ ಕುಮಾರ್ ಅನ್ನೋ ಹುಡುಗನಿಗೆ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಇಟ್ಟ ಹೆಸರು ವಿಷ್ಣುವರ್ಧನ್, ಅಂದ್ರೆ ಹೊಯ್ಸಳ ದೊರೆಯ ಹೆಸರು. 1972ರ ಡಿಸೆಂಬರ್ 29ರಂದು ಸಿನಿಮಾ ತೆರೆಗೆ ಬಂದಾಗ ಆ ಹುಡುಗನಿಗೆ 22 ವರ್ಷ. ಅವರು ತೀರಿಕೊಂಡಿದ್ದು 2009ರ ಡಿಸೆಂಬರ್ 30ರಂದು. ಲೆಕ್ಕ ಹಾಕಿ ನೋಡಿ, 37 ವರ್ಷ, ಒಂದು ದಿನ.

ಅದೇ ಸಿನಿಮಾದಲ್ಲಿ ಇನ್ನೊಬ್ಬ ಹೊಸಬ ಇದ್ದ. ಹೆಸರು ಅಮರನಾಥ್, ಪಿಟೀಲು ಚೌಡಯ್ಯನವರ ಮೊಮ್ಮಗ. ಆಯ್ಕೆಗೆ ಬಂದಾಗ ಸಿಗರೇಟನ್ನು ಗಾಳಿಗೆ ಎಸೆದು ತುಟಿಯಲ್ಲಿ ಹಿಡಿದು ತೋರಿಸಿದ್ದೇ ಪುಟ್ಟಣ್ಣನವರಿಗೆ ಹಿಡಿಸಿತು ಅಂತಾರೆ. ಜಲೀಲನ ಪಾತ್ರ ತೆರೆ ಮೇಲೆ ಇರೋದು ಸ್ವಲ್ಪ ಹೊತ್ತು. ಆದ್ರೆ ಆ ‘ಬುಲ್ ಬುಲ್’ ಅನ್ನೋ ಕರೆ ಇವತ್ತಿಗೂ ನಮ್ಮ ಸ್ಟೇಟಸ್‌ಗಳಲ್ಲಿ ಓಡಾಡ್ತಾ ಇದೆ. ಆ ಅಮರನಾಥ್‌ ಅವರೇ ಮುಂದೆ ಅಂಬರೀಶ್ ಆದ್ರು.

ಈಗ ಸ್ವಲ್ಪ ದುಡ್ಡಿನ ಲೆಕ್ಕ. ನಾನು ಬಿ.ಕಾಂ. ಹುಡುಗ, ಅದನ್ನ ಬಿಡೋಕಾಗಲ್ಲ. ಈ ಚಿತ್ರದ ‘ಬಾರೆ ಬಾರೆ’ ಹಾಡಿಗೆ ಕನ್ನಡದ ಮೊದಲ ಸ್ಲೋ ಮೋಷನ್ ಹಾಡು ಅನ್ನೋ ಖ್ಯಾತಿ ಇದೆ. ಇವತ್ತು ಫೋನಲ್ಲಿ ಒಂದು ಬಟನ್ ಒತ್ತಿದ್ರೆ ಸ್ಲೋ ಮೋಷನ್ ರೆಡಿ. ಫಿಲ್ಮ್ ರೀಲ್ ಕಾಲದಲ್ಲಿ ಹೇಗೆ ಮಾಡ್ತಿದ್ರು? ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್ ತೆಗೀತಾರೆ. ಅದರ ಬದಲು 48 ತೆಗೆದು, ತೋರಿಸುವಾಗ ಮಾತ್ರ 24ರಲ್ಲೇ ತೋರಿಸಿದ್ರೆ ಓಟ ಅರ್ಧ ವೇಗಕ್ಕೆ ಇಳಿಯುತ್ತೆ. 35 ಎಂ.ಎಂ. ಫಿಲ್ಮ್ 1,000 ಅಡಿ ಇದ್ರೆ ಮಾಮೂಲಿ ವೇಗದಲ್ಲಿ ಸುಮಾರು 11 ನಿಮಿಷ ಬರುತ್ತೆ. 48ರಲ್ಲಿ ಓಡಿಸಿದ್ರೆ ಐದೂವರೆ ನಿಮಿಷಕ್ಕೇ ಖಾಲಿ. ಅದೂ ಕಲರ್ ಫಿಲ್ಮ್. ಆಗ ಕನ್ನಡದಲ್ಲಿ ಬಹುಪಾಲು ಸಿನಿಮಾಗಳು ಇನ್ನೂ ಕಪ್ಪು-ಬಿಳುಪು.

ತುಟಿ ಚಲನೆಯದ್ದು ಇನ್ನೊಂದು ತಲೆನೋವು. ಸ್ಲೋ ಮೋಷನ್‌ನಲ್ಲಿ ಹಾಡು ಹೇಳೋ ಹಾಗೆ ಕಾಣಬೇಕು ಅಂದ್ರೆ, ಚಿತ್ರೀಕರಣದ ಜಾಗದಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಬೇಕು. ಕಲಾವಿದರು ಅಷ್ಟೇ ವೇಗವಾಗಿ ತುಟಿ ಆಡಿಸಬೇಕು. ಆಮೇಲೆ ನಿಧಾನ ಮಾಡಿದಾಗ ಎರಡೂ ಹೊಂದುತ್ತೆ. ತೆರೆ ಮೇಲೆ ಹಾಯಾಗಿ ಕಾಣೋ ಇಂಥ ದೃಶ್ಯದ ಹಿಂದೆ ಇಷ್ಟು ಧಾವಂತ ಇರುತ್ತೆ. ಇಂಥ ಖರ್ಚಿಗೆ ಒಪ್ಪಿದ ನಿರ್ಮಾಪಕರು ಯಾರು ಗೊತ್ತಾ? ಎನ್. ವೀರಾಸ್ವಾಮಿ. ನಮ್ಮ ಕ್ರೇಜಿ ಸ್ಟಾರ್ ರವಿಚಂದ್ರನ್ ಅವರ ತಂದೆ.

ಸರಿ, ಈಗ ಜಗಳದ ವಿಷಯ. ಈ ಕತೆ ಬರೆದವರು ತ.ರಾ. ಸುಬ್ಬರಾವ್, ನಮ್ಮ ತ.ರಾ.ಸು. ಅವರ ಮನೆತನದ ಬೇರು ನಮ್ಮ ಜಿಲ್ಲೆಯ ತಳುಕಿನದು. ಪುಟ್ಟಣ್ಣ ಅವರು ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಅನ್ನೋ ಮೂರು ಕಾದಂಬರಿಗಳನ್ನ ಒಂದೇ ಸಿನಿಮಾಕ್ಕೆ ಇಳಿಸಿದ್ರು. ಸಿನಿಮಾ ಜನರಿಗೆ ಹುಚ್ಚು ಹಿಡಿಸಿತು. ತ.ರಾ.ಸು. ಅವರಿಗೆ ಮಾತ್ರ ಸಮಾಧಾನ ಆಗಲಿಲ್ಲ. ನನ್ನ ನಾಗರಹಾವನ್ನ ಕೇರೆಹಾವು ಮಾಡಿಬಿಟ್ರು ಅನ್ನೋ ಅರ್ಥದ ಮಾತು ಅವರದ್ದು ಅಂತ ಇವತ್ತಿಗೂ ಜನ ನೆನಪಿಸ್ಕೊಳ್ತಾರೆ.

ಇಲ್ಲಿ ಯಾರು ಸರಿ? ನನಗನ್ಸೋದು, ಇಬ್ಬರ ಕೆಲಸವೂ ಬೇರೆ. ಕಾದಂಬರಿಗೆ ನೂರಾರು ಪುಟ ಇದೆ, ರಾಮಾಚಾರಿ ತಲೆಯೊಳಗೆ ಏನು ಓಡ್ತಿದೆ ಅಂತ ನಿಧಾನಕ್ಕೆ ಹೇಳಬಹುದು. ಸಿನಿಮಾಗೆ ಅದೆಲ್ಲ ಮುಖದಲ್ಲಿ, ಬಂಡೆಯಲ್ಲಿ, ಹಾಡಲ್ಲಿ ಕಾಣಬೇಕು. ಆದ್ರೆ ನಾವು ಕೇಳುಗರು ಮಾಡೋ ತಪ್ಪು ಏನಂದ್ರೆ, ಸಿನಿಮಾ ನೋಡಿದ ಮೇಲೆ ಪುಸ್ತಕ ಬರೆದವರ ಹೆಸರನ್ನೇ ಮರೆತುಬಿಡ್ತೀವಿ. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ. ಅಷ್ಟೊತ್ತಿಗೆ ತ.ರಾ.ಸು. ಇರಲಿಲ್ಲ.

ಇನ್ನು ಓಬವ್ವ. ರಾಮಾಚಾರಿ ಕತೆ ನಡೆಯೋದು ಇಪ್ಪತ್ತನೇ ಶತಮಾನದಲ್ಲಿ. ಓಬವ್ವನದು ಹೈದರಾಲಿ ದುರ್ಗದ ಮೇಲೆ ದಂಡೆತ್ತಿ ಬಂದ ಹದಿನೆಂಟನೇ ಶತಮಾನ. ಆದ್ರೂ ಪುಟ್ಟಣ್ಣ ಒಂದು ಹಾಡಿನ ಜಾಗ ಮಾಡಿಕೊಂಡು ಅವಳನ್ನ ಒಳಗೆ ಕರ್ಕೊಂಡ್ರು. ಪಿ.ಬಿ. ಶ್ರೀನಿವಾಸ್ ದನಿ, ವಿಜಯಭಾಸ್ಕರ್ ಸಂಗೀತ, ತೆರೆ ಮೇಲೆ ಜಯಂತಿ. ಜಯಂತಿ ಅವರು ಆ ಹಾಡಿಗಷ್ಟೇ ಬಂದು ಹೋಗ್ತಾರೆ. ನಮ್ಮಜ್ಜಿಯನ್ನ “ಓಬವ್ವ ಹೆಂಗಿದ್ಲು ಅಜ್ಜಿ?” ಅಂತ ಕೇಳಿದ್ರೆ, “ಜಯಂತಿ ಇದ್ದಂಗೆ ಇದ್ಲು ಕಣೋ” ಅಂತಿದ್ರು. ತಮಾಷೆಗಲ್ಲ, ನಿಜವಾಗಿ ಹಾಗೇ ನಂಬಿದ್ರು. ದುರ್ಗದ ಜನರ ಬಾಯಲ್ಲಿದ್ದ ಒಬ್ಬ ಕಾವಲುಗಾರನ ಹೆಂಡತಿಯ ಕತೆಯನ್ನ ಒಂದು ಹಾಡು ಇಡೀ ರಾಜ್ಯದ ಮನೆಮನೆಗೂ ಮುಟ್ಟಿಸಿತು. ಅದರ ಜೊತೆಗೇ ಅವಳಿಗೆ ಒಂದು ಮುಖವನ್ನೂ ಕೊಟ್ಟುಬಿಟ್ಟಿತು. ಬೇರೆ ಮುಖ ಊಹಿಸೋಕೆ ಈಗ ನಮಗೂ ಕಷ್ಟ.

ಆಮೇಲೆ ಏನಾಯ್ತು? ಪುಟ್ಟಣ್ಣನವರೇ ಇದನ್ನ 1974ರಲ್ಲಿ ಹಿಂದಿಗೆ ‘ಝಹರೀಲಾ ಇನ್ಸಾನ್’ ಅಂತ ಮಾಡಿದ್ರು. ‘ಬಾಬಿ’ ಹಿಟ್ ಆದ ಬಿಸಿಯಲ್ಲೇ ಇದ್ದ ರಿಷಿ ಕಪೂರ್ ಹೀರೋ. ಆರ್.ಡಿ. ಬರ್ಮನ್ ಸಂಗೀತ. ನಿಮ್ಮಪ್ಪ ಗುನುಗೋ ಕಿಶೋರ್ ಕುಮಾರ್ ಅವರ ‘ಓ ಹಂಸಿನಿ’ ಇದೇ ಸಿನಿಮಾದ್ದು, ಅದಕ್ಕೂ ನಮ್ಮ ಕೋಟೆಯೇ ಹಿನ್ನೆಲೆ. ಹಾಡು ಉಳೀತು, ಸಿನಿಮಾ ಓಡಲಿಲ್ಲ. ಅದೇ ನಿರ್ದೇಶಕ, ಅದೇ ಕತೆ. ಆದ್ರೂ ಇಲ್ಲಿ ಓಡಿದ ಹಾಗೆ ಅಲ್ಲಿ ಓಡಲಿಲ್ಲ. ಚಾಮಯ್ಯ ಮೇಷ್ಟ್ರನ್ನ ನಮ್ಮ ಕೆ.ಎಸ್. ಅಶ್ವಥ್ ಅವರಿಂದ ಬೇರೆ ಮಾಡಿ ನೋಡೋಕೆ ನನಗಂತೂ ಆಗಲ್ಲ. ಕ್ಲೈಮ್ಯಾಕ್ಸ್ ಹೇಳಲ್ಲ, ನೋಡದೇ ಇರೋರು ನೋಡಿ.

2018ರ ಜುಲೈ 20ರಂದು ಹೊಸ ಸೌಂಡ್, ಅಗಲ ತೆರೆಗೆ ಹೊಂದಿಸಿದ ಪ್ರಿಂಟ್‌ನಲ್ಲಿ ಇದು ಮತ್ತೆ ಬಿಡುಗಡೆ ಆಯ್ತು. ಅದೇ ವರ್ಷ ನವೆಂಬರ್ 24ಕ್ಕೆ ಅಂಬರೀಶ್ ಹೋದ್ರು. 2021ರ ಜುಲೈನಲ್ಲಿ ಜಯಂತಿ ಹೋದ್ರು. ಪುಟ್ಟಣ್ಣ, ತ.ರಾ.ಸು., ಅಶ್ವಥ್, ವಿಷ್ಣು ಮೊದಲೇ ಹೋಗಿದ್ರು.

ನಮ್ಮಜ್ಜಿಯ ತಮ್ಮ ಶೂಟಿಂಗ್ ನೋಡೋಕೆ ಅಂತ ಎರಡು ದಿನ ದುರ್ಗದಲ್ಲೇ ಉಳಿದಿದ್ರಂತೆ. ಊಟದ ಹೊತ್ತಲ್ಲಿ ಆ ಕತೆ ಎಷ್ಟೋ ಸಲ ಹೇಳಿದ್ರು. ನನ್ನ ಕೈಯಲ್ಲಿ ಫೋನ್ ಇತ್ತು, ಒಂದು ಸಲವೂ ರೆಕಾರ್ಡ್ ಮಾಡಲಿಲ್ಲ. ಈಗ ಅಜ್ಜಿಯೂ ಇಲ್ಲ, ಅವರೂ ಇಲ್ಲ. ಪಾಡ್‌ಕಾಸ್ಟ್ ಮಾಡೋನು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ.

ಅದಕ್ಕೇ ಒಂದು ಕೆಲಸ ಕೊಡ್ತೀನಿ. 1972ರಲ್ಲಿ 18 ವರ್ಷ ಇದ್ದೋರಿಗೆ ಈಗ 70 ದಾಟಿದೆ. ನಿಮ್ಮ ಮನೇಲಿ, ಬೀದೀಲಿ ಆ ಶೂಟಿಂಗ್ ಕಣ್ಣಾರೆ ನೋಡಿದವರು ಇನ್ನೂ ಇರಬಹುದು. ಪಕ್ಕದಲ್ಲಿ ಕೂತು ಕೇಳಿ, ಕೇಳೋ ಮುಂಚೆ ರೆಕಾರ್ಡ್ ಬಟನ್ ಒತ್ತಿ. ಅವರು ಹೇಳಿದ್ದರಲ್ಲಿ ಯಾವುದು ಕಂಡಿದ್ದು, ಯಾವುದು ಕೇಳಿದ್ದು ಅಂತ ಬೇರೆ ಬೇರೆ ಬರೆದಿಡಿ. ನನಗೆ ಕಳಿಸಿದ್ರೆ ಮುಂದಿನ ಸಂಚಿಕೆಯಲ್ಲಿ ಅವರದೇ ದನಿಯಲ್ಲಿ ಹಾಕ್ತೀನಿ.

ನಾನು ಏನಾದ್ರೂ ತಪ್ಪು ಹೇಳಿದ್ರೆ ದಾರಿಯಲ್ಲಿ ನಿಲ್ಲಿಸಿ ಬೈರಿ. ಬರ್ತೀನಿ, ಮುಂದಿನ ವಾರ ಸಿಗೋಣ.