ಬಿಗ್ ಬಾಸ್ ಮನೆಯ ಹೊರಗಿನ ಗದ್ದಲ: ನಂಬಿದ್ದೇನು, ನಿಜವೇನು

ಕನ್ನಡ ಬಿಗ್ ಬಾಸ್ 2013ರಲ್ಲಿ ಶುರುವಾಯಿತು. ಅಲ್ಲಿಂದೀಚೆಗೆ ಶೋ ಬೆಳೆದ ಹಾಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅದರ ಅಭಿಮಾನಿ ಬಳಗಗಳೂ ಬೆಳೆದಿವೆ. ನಾನೂ ಆ ಪೇಜ್‌ಗಳನ್ನು ಓದುವವಳೇ. ಅಲ್ಲಿ ಗಟ್ಟಿಯಾಗಿ ಬೇರೂರಿದ ಕೆಲವು ನಂಬಿಕೆಗಳನ್ನು ಒಮ್ಮೆ ಒರೆಗೆ ಹಚ್ಚಬೇಕಿದೆ.

ತಪ್ಪು ಕಲ್ಪನೆ: ಟ್ರೆಂಡ್ ಆದವರೇ ಗೆಲ್ಲುತ್ತಾರೆ.
ವಾಸ್ತವ: ಕಾಮೆಂಟು, ಲೈಕು, ಹ್ಯಾಷ್‌ಟ್ಯಾಗ್ ಯಾವುದೂ ಓಟಲ್ಲ. ಯೂಟ್ಯೂಬ್ ಚಾನೆಲ್‌ಗಳ ಪೋಲ್ ಕೂಡ ಲೆಕ್ಕಕ್ಕಿಲ್ಲ. ವಾಹಿನಿ ಹೇಳಿದ ಆ್ಯಪ್‌ನಲ್ಲಿ, ಹೇಳಿದ ಅವಧಿಯೊಳಗೆ ಒತ್ತಿದ್ದೇ ಓಟು.

ತಪ್ಪು ಕಲ್ಪನೆ: ಇದೆಲ್ಲ ಬೆಂಗಳೂರಿನ ಹುಡುಗ ಹುಡುಗಿಯರ ಗೀಳು.
ವಾಸ್ತವ: ಹಾವೇರಿ ಜಿಲ್ಲೆಯ ತಾಂಡಾದಲ್ಲಿ ಕುರಿ ಕಾಯುತ್ತ ಹಾಡು ಕಲಿತ ಹನುಮಂತ 11ನೇ ಸೀಸನ್ನಿಗೆ ವೈಲ್ಡ್ ಕಾರ್ಡ್ ಮೂಲಕ ತಡವಾಗಿ ಬಂದರು, 2025ರ ಜನವರಿಯಲ್ಲಿ ಟ್ರೋಫಿ ಎತ್ತಿದರು. 6ನೇ ಸೀಸನ್ ಗೆದ್ದವರು ಕೃಷಿ ಹಿನ್ನೆಲೆಯ ಶಶಿಕುಮಾರ್. ಇವರಿಗೆ ಓಟು ಬಿದ್ದದ್ದು ಬೆಂಗಳೂರಿನಿಂದಷ್ಟೇ ಇರಲಾರದು.

ತಪ್ಪು ಕಲ್ಪನೆ: ಕಣ್ಣಾರೆ ಕಂಡಿದ್ದೇವೆ, ಇನ್ನೇನು ಸಾಕ್ಷಿ ಬೇಕು?
ವಾಸ್ತವ: ಬಿಗ್ ಬಾಸ್ ಮನೆಯೊಳಗೆ 24 ಗಂಟೆ ಕ್ಯಾಮೆರಾ ಓಡುತ್ತದೆ, ರಾತ್ರಿ ನಮಗೆ ಸಿಗುವುದು ಒಂದೂವರೆ ಗಂಟೆಯ ಆಸುಪಾಸು. ಆ ಎಡಿಟ್‌ನಿಂದ ಫ್ಯಾನ್ ಪೇಜ್‌ನವರು ಅರ್ಧ ನಿಮಿಷದ ರೀಲ್ಸ್ ಕತ್ತರಿಸುತ್ತಾರೆ. ಬೈದದ್ದು ಉಳಿಯುತ್ತದೆ, ಅದಕ್ಕೆ ಮುಂಚೆ ಎದುರಿನವರು ಕೆಣಕಿದ್ದು ಹಾರಿಹೋಗುತ್ತದೆ. ಮೇಲೆ ಒಂದು ಹಿನ್ನೆಲೆ ಸಂಗೀತ ಸೇರಿದರೆ ಮಾಮೂಲಿ ಕೋಪವೂ ಕ್ರೌರ್ಯದಂತೆ ಕಾಣುತ್ತದೆ. ಎಪಿಸೋಡ್ ನೋಡದೆ ರೀಲ್ಸ್ ನೋಡಿಯೇ ತೀರ್ಪು ಕೊಡುವವರು ಎಷ್ಟೋ ಮಂದಿ. ನನ್ನ ಮಟ್ಟಿಗೆ ದ್ವೇಷ ಹುಟ್ಟುವ ಜಾಗ ಇದೇ.

ತಪ್ಪು ಕಲ್ಪನೆ: ಫ್ಯಾನ್ ಪೇಜ್‌ಗಳೆಲ್ಲ ದುಡ್ಡಿಗೆ ನಡೆಯುವಂಥವು.
ವಾಸ್ತವ: ಪ್ರಚಾರಕ್ಕೆ ಜನ ಇಡುವುದು ಸುಳ್ಳಲ್ಲ. ಆದರೆ ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ಮನೆಯವರ ಫೋನನ್ನೂ ಈಸಿಕೊಂಡು ಓಟು ಹಾಕುವವರಿಗೆ ಯಾರೂ ಕಾಸು ಕೊಡುವುದಿಲ್ಲ.

ತಪ್ಪು ಕಲ್ಪನೆ: ಸ್ಪರ್ಧಿಗಳ ಬಳಿ ಫೋನೇ ಇಲ್ಲ, ಏನು ಬರೆದರೂ ತಾಗದು.
ವಾಸ್ತವ: ಜಾತಿ, ಬಣ್ಣ, ನಡತೆ ಎತ್ತಿ ಬರೆದ ಮಾತುಗಳು ಒಳಗಿರುವವರಿಗೆ ಕಾಣದಿರಬಹುದು, ಅವರ ಮನೆಯವರಿಗೆ ಅದೇ ದಿನ ಕಾಣುತ್ತವೆ. ಫ್ಯಾಮಿಲಿ ವಾರದಲ್ಲಿ ಅಮ್ಮ ಒಳಗೆ ಬಂದು ಮಗಳನ್ನು ತಬ್ಬಿಕೊಂಡಾಗ ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಅಷ್ಟು ವಾರ ಆ ಕಾಮೆಂಟುಗಳನ್ನು ಓದಿ, ಒಳಗೆ ಒಂದನ್ನೂ ಬಾಯಿಬಿಡಬಾರದೆಂದು ಗಟ್ಟಿ ಮಾಡಿಕೊಂಡೇ ಆಕೆ ಬಂದಿರುತ್ತಾರೆ.